ಅರ್ಧ ಸುತ್ತು

ಸೆಪ್ಟೆಂಬರ್ 7, ಶನಿವಾರ

ಗೇರ್‌ಬಾಕ್ಸ್ ಏರಿಸಿದೆವು. ಅಂದರೆ ಮಗಳು ಯುರಾನಿ ಏರಿಸಿದಳು. ನಾನು ಕೆಳಗೆ ಮಲಗಿ, ಜ್ಯಾಕ್ ಹಿಡಿದು, ಬೈಸಿಕೊಂಡೆ.

“ಎಡಕ್ಕೆ ಅಪ್ಪಾ, ಎಡಕ್ಕೆ! ನಿನ್ನ ಎಡ ಅಲ್ಲ, ಗಾಡಿ ಎಡ!”

ಹದಿನಾರು ತುಂಬಿ ಎರಡು ತಿಂಗಳಾಗಿಲ್ಲ. ನಾಲಿಗೆ ಮಾತ್ರ ಅವಳಜ್ಜಿಯದೇ.

ಬಾನೆಟ್ಟಿನ ತುಕ್ಕು ಕೆರೆದಾಗ ನನ್ನಪ್ಪ ಬರೆಸಿದ್ದ ಹೆಸರು ಮತ್ತೆ ಕಂಡಿತು. ‘ಸೋಮಾರಿ’. ಐವತ್ತನಾಲ್ಕನೇ ಇಸವಿಯ ವಿಲ್ಲೀಸ್ ಜೀಪು. ಈ ಬೆಟ್ಟದ ಕಾಫಿ ಮೂಟೆಗಳನ್ನೆಲ್ಲ ಪಿಜಾವೋ ಸಂತೆಗೆ ಹೊತ್ತದ್ದು ಇದೇ, ಆದರೂ ಹೆಸರು ಸೋಮಾರಿ. ಅಪ್ಪನಿಗೆ ಹೊಗಳುವುದು ಗೊತ್ತಿರಲಿಲ್ಲ.

ಬಿಗಿ ಮಾಡಿದ ಪ್ರತಿ ನಟ್ಟಿಗೂ ಯುರಾನಿ ಉಗುರುಬಣ್ಣದಲ್ಲಿ ಕೆಂಪು ಗೆರೆ ಎಳೆಯುತ್ತಾಳೆ, ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ. ನಟ್ಟು ಕದಲಿದರೆ ಗೆರೆ ಮುರಿಯುತ್ತದೆ. ನಾನೇ ಕಲಿಸಿದ್ದು. ನಮ್ಮ ಕಾಲಕ್ಕೆ ಬಿಳಿ ಪೇಂಟು ಬಳಿಯುತ್ತಿದ್ದೆವು, ಇವಳಿಗೆ ಉಗುರುಬಣ್ಣವೇ ಆಗಬೇಕು.

ಸಂತೆ ಜೀಪಿನ ಹಿಂದೆ ನೇತಾಡಿಕೊಂಡು ಹೊರಟಳು. ಪಿಜಾವೋದಲ್ಲಿ ಇಳಿದು ಬಸ್ಸು, ಅಲ್ಲಿಂದ ಕಲಾರ್ಕಾ, ಅವಳಮ್ಮನ ಮನೆ. ಹೊರಡುವಾಗ ಕೇಳಿದಳು —

“ಜನವರಿ ಒಳಗೆ ಓಡುತ್ತಲ್ವಾ ಇದು?”

“ಏನಷ್ಟು ಅವಸರ?”

“ಇದೆ.”

ಏನೆಂದು ಹೇಳಲಿಲ್ಲ.

ಸೆಪ್ಟೆಂಬರ್ 10, ಮಂಗಳವಾರ

ಮೂರು ದಿನವಾಯಿತು, ಆ ‘ಇದೆ’ ಇನ್ನೂ ಕಿವಿಯಲ್ಲಿದೆ.

ಅವಳಮ್ಮ ನೊಹೇಲಿಯಾ ಮನೆ ಬಿಟ್ಟು ಹೋದ ಮೊದಲ ವರ್ಷ ಹುಡುಗಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಮೂಲೆಯಲ್ಲಿ ಕೂತು ಫೋನ್ ನೋಡುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಉಹೂಂ. ಒಂದು ದಿನ ಶೆಡ್ಡಿಗೆ ಹೋಗಿ ಗಾಡಿ ಮೇಲಿನ ಪ್ಲಾಸ್ಟಿಕ್ ಎತ್ತಿ, ಒಳಗೆ ಮೊಟ್ಟೆಯಿಟ್ಟಿದ್ದ ಕೋಳಿಯನ್ನು ಓಡಿಸಿ, “ಇದು ಓಡುತ್ತಾ?” ಎಂದು ಕೇಳಿದಳು. ಅವತ್ತಿನಿಂದ ಎರಡು ವರ್ಷ ಒಂದು ಶನಿವಾರವೂ ತಪ್ಪಿಸಿಲ್ಲ.

ಓಡಿದ ಮೇಲೆ? ಆಮೇಲೆ ಯಾವ ನೆಪಕ್ಕೆ ಬರುತ್ತಾಳೆ? ಜನವರಿಗೆ ಎಲ್ಲಿಗೋ ಹೋಗುವವಳಿರಬೇಕು. ರಾಜಧಾನಿ ಬೊಗೋಟಾವೋ ಏನೋ. ಹೋಗುವ ಮುಂಚೆ ಕೆಲಸ ಮುಗಿಸಿ ಕೈ ತೊಳೆದುಕೊಳ್ಳುವ ಯೋಚನೆ.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟಿಗೆ ಒಂದಿಷ್ಟು ಎಣ್ಣೆ ಸವರಿದೆ. ಕಿಡಿ ಹಾರುವುದಿಲ್ಲ, ಎಂಜಿನ್ ಹಿಡಿಯುವುದಿಲ್ಲ, ಅಷ್ಟೇ. ಯಾರೂ ಸಾಯುವುದಿಲ್ಲ. ಒಂದು ಶನಿವಾರ ಸಿಗುತ್ತದೆ.

ಸೆಪ್ಟೆಂಬರ್ 14, ಶನಿವಾರ

ಕಿಡಿ ಇಲ್ಲ. ಪ್ಲಗ್ ಬದಲಿಸಿದಳು, ವೈರ್ ಬದಲಿಸಿದಳು, ಕಾಯಿಲ್ ಬಿಚ್ಚಿದಳು. ಊಟಕ್ಕೂ ಏಳಲಿಲ್ಲ. ಬೆಲ್ಲದ ನೀರು, ಅರೆಪಾ ರೊಟ್ಟಿ ಅಲ್ಲಿಗೇ ಕೊಟ್ಟೆ. ಗ್ರೀಸ್ ಕೈಯಲ್ಲೇ ತಿಂದಳು. ಸಂಜೆಗೆ ನಾನೇ ಎಣ್ಣೆ ಜಿಡ್ಡು ‘ಕಂಡುಹಿಡಿದೆ’.

“ಅಪ್ಪಾ, ನೀನು ಮಂತ್ರವಾದಿ ಕಣೋ!”

ಕೆನ್ನೆಗೆ ಹೊಡೆದ ಹಾಗಾಯಿತು.

ಸಂತೆ ಜೀಪು ತಪ್ಪಿ ಇಲ್ಲೇ ಉಳಿದಳು. ಹುರುಳಿ ಸಾರು, ಹುರಿದ ಬಾಳೆಕಾಯಿ. ಎಷ್ಟು ಮಾತಾಡಿದಳು! ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ಸುಳ್ಳು. ನನ್ನ ಮನಸ್ಸು ತಣ್ಣಗಿತ್ತು. ಅದೇ ಹೆದರಿಕೆ.

ಸೆಪ್ಟೆಂಬರ್ 28, ಶನಿವಾರ

ಕಾರ್ಬುರೇಟರಿನಿಂದ ಪೆಟ್ರೋಲು ತುಂಬಿ ಚೆಲ್ಲುತ್ತಿತ್ತು. ಅದನ್ನು ತಡೆಯುವ ಫ್ಲೋಟ್ ಬಗ್ಗಿದೆ. ಯಾರು ಬಗ್ಗಿಸಿದ್ದು ಅಂತ ಬರೆಯುವುದಿಲ್ಲ.

ಅವಳು ನಗಲಿಲ್ಲ ಈ ಸಲ. “ಈ ಗಾಡಿಗೆ ಯಾರೋ ಕಣ್ಣು ಹಾಕಿದಾರೆ” ಎಂದಳು. ಸ್ಟೀರಿಂಗಿಗೆ ಕೆಂಪು ದಾರ ಕಟ್ಟಿ ಹೋದಳು.

ಅಕ್ಟೋಬರ್ 5, ಶನಿವಾರ

ಓಡಿತು.

ಮೊದಲು ಕೆಮ್ಮಿತು, ಹೊಗೆ ಕಾರಿತು, ಆಮೇಲೆ ಹಿಡಿದುಕೊಂಡಿತು. ಯುರಾನಿ ಬಾನೆಟ್ ತಬ್ಬಿಕೊಂಡು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ಸಂತೋಷಕ್ಕೋ, ಸಂಕಟಕ್ಕೋ — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಪಕ್ಕದ ತೋಟದ ದೊನ್ ಆರ್ಸೇಸಿಯೋ ಸದ್ದು ಕೇಳಿ ಟೋಪಿ ಹಿಡಿದು ಓಡಿಬಂದರು. “ನಿಮ್ಮಪ್ಪ ಎದ್ದು ಬಂದ್ನೇನೋ ಅನ್ಕೊಂಡೆ ಎವೇಲಿಯೋ. ಸದ್ಯ, ಅವನು ಬಂದಿದ್ರೆ ಇಷ್ಟು ಹೊತ್ತಿಗೆ ನಿಂಗೆ ಬೈಗುಳ ಬಿದ್ದಿರೋದು.”

ಅಂಗಳದ ಇಳಿಜಾರಿನಲ್ಲಿ ಅವಳಿಗೆ ಇಳಿಯುವುದು ಕಲಿಸಿದೆ. ಬ್ರೇಕಿಗೆ ಇನ್ನೂ ಪೈಪೇ ಇಲ್ಲ. ಬೇಕಿಲ್ಲ. ಹಾಗೇ ಕಲಿಯಬೇಕು, ನಾನೂ ಹಾಗೇ ಕಲಿತದ್ದು. ಗಾಡಿಯನ್ನು ತೆವಳಿಸುವ ಚಿಕ್ಕ ಲಿವರ್ ಹಿಂದಕ್ಕೆ, ಒಂದನೇ ಗೇರು, ಕಾಲೆರಡೂ ನೆಲದ ಮೇಲೆ.

“ಕ್ಲಚ್ ಮುಟ್ಟಬೇಡ. ಏನೇ ಆಗಲಿ, ಮುಟ್ಟಬೇಡ. ಇಳಿಜಾರಲ್ಲಿ ಬ್ರೇಕು ಬಂದು ಹೋಗೋ ನೆಂಟ, ಗೇರು ಮನೆಯವನು.”

“ಇದು ನಿನ್ನ ಗಾದೆನಾ?”

“ನಿಮ್ಮಜ್ಜಂದು.”

“ಅದಕ್ಕೇ ಚೆನ್ನಾಗಿದೆ.”

ಅಕ್ಟೋಬರ್ 19, ಶನಿವಾರ

ಬ್ರೇಕ್ ಮುಗಿಯಿತು. ಪೈಪಿನೊಳಗಿನ ಗಾಳಿ ತೆಗೆಯಲು ಇಬ್ಬರು ಬೇಕೇ ಬೇಕು. ನಾನು ಪೆಡಲ್ ಮೇಲೆ, ಅವಳು ಚಕ್ರದ ಹಿಂದೆ ಬಾಟಲಿ ಹಿಡಿದು.

“ಒತ್ತು.”

“ಒತ್ತಿದೆ.”

“ಹಿಡ್ಕೋ... ಬಿಡು.”

ನಾಲ್ಕೂ ಚಕ್ರಕ್ಕೆ ಹೀಗೇ. ಕೊನೆಗೆ ಪೆಡಲ್ ಕಲ್ಲಿನ ಹಾಗೆ ನಿಂತಿತು. ಒಂದೊಂದು ನಟ್ಟಿಗೂ ಕೆಂಪು ಗೆರೆ ಎಳೆದಳು.

ಇನ್ನು ಬಣ್ಣ ಬಳಿಯುವುದೊಂದು. ಅದಕ್ಕೆಷ್ಟು ಶನಿವಾರ ಬೇಕು? “ಮುಂದಿನ ವಾರ ಪಿಜಾವೋಗೆ ಇಳಿಯೋಣ ಅಪ್ಪಾ, ನಾನೇ ಓಡಿಸ್ತೀನಿ” ಎಂದು ಹೇಳಿ ಹೋದಳು. ಹೂಂ ಎಂದೆ.

ಅಕ್ಟೋಬರ್ 22, ಮಂಗಳವಾರ

ಹಿಂದಿನ ಚಕ್ರಕ್ಕೆ ಬ್ರೇಕ್ ಪೈಪು ಸೇರುವಲ್ಲಿನ ನಟ್ಟು. ಅರ್ಧ ಸುತ್ತು ಸಡಿಲಿಸಿದೆ. ಬರೀ ಅರ್ಧ.

ಗೆರೆ ಮುರಿಯಿತು. ಶನಿವಾರ ಅವಳು ಬರುವಷ್ಟರಲ್ಲಿ ಕೆಳಗೆ ಹನಿ ಬಿದ್ದಿರುತ್ತದೆ, ‘ಅಯ್ಯೋ ಸೋರುತ್ತಿದೆ’ ಎಂದು ನಾನೇ ಕೆಳಗೆ ತೂರಿ ಗೆರೆ ಒರೆಸಿಬಿಡುತ್ತೇನೆ. ಮತ್ತೆ ಮೊದಲಿನಿಂದ ಗಾಳಿ ತೆಗೆಯಬೇಕು. ಎರಡು ಶನಿವಾರವಾದರೂ ಸಿಗುತ್ತದೆ.

ಹಳೇ ಗಾಡಿ. ನಾಲ್ಕೂ ಚಕ್ರಕ್ಕೆ ಒಂದೇ ಸಾಲು ಪೈಪು. ಒಂದು ಕಡೆ ಸೋರಿದರೆ ಎಲ್ಲೂ ಬ್ರೇಕಿಲ್ಲ. ಗೊತ್ತು ನನಗೆ. ಆದರೆ ಅಲ್ಲಿಯವರೆಗೆ ಶೆಡ್ಡಿನಿಂದ ತೆಗೆಯುವವರು ಯಾರು? ಮತ್ತೆ, ನಮ್ಮ ಬೆಟ್ಟದಲ್ಲಿ ಬ್ರೇಕು ನಂಬಿ ಇಳಿಯುವವನು ಯಾವನು?

ಅಕ್ಟೋಬರ್ 24, ಗುರುವಾರ

ಬರೆಯಲೇಬೇಕು.

ಬೆಳಿಗ್ಗೆ ದೊನ್ ಆರ್ಸೇಸಿಯೋ ಅವರ ಇಳಿಜಾರಿನಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದೆ. ಬುಟ್ಟಿ ಅರ್ಧ ತುಂಬಿತ್ತು. ಎಂಜಿನ್ ಸದ್ದು ಕೇಳಿತು. ಈ ಬೆಟ್ಟದ ಪ್ರತಿ ಜೀಪಿನ ದನಿಯೂ ಗೊತ್ತು ನನಗೆ. ಇದು ಸೋಮಾರಿ.

“ನಿನ್ನ ಮಗಳು ಕಣಯ್ಯ” ಎಂದರು ಆರ್ಸೇಸಿಯೋ, ಹಣ್ಣು ಬಿಡಿಸುತ್ತಲೇ. “ಹಾಲಿನ ಗಾಡೀಲಿ ಬಂದ್ಲು. ಇವತ್ತು ಮೇಷ್ಟ್ರುಗಳಿಗೆ ಮೀಟಿಂಗಂತೆ, ಸ್ಕೂಲಿಲ್ಲ. ‘ಅಪ್ಪಂಗೆ ಹೇಳ್ಬೇಡಿ’ ಅಂದ್ಲು. ಹೇಳ್ಬಿಟ್ಟೆ ನೋಡು.”

ಕೆಳಗಿನ ರಸ್ತೆಯಲ್ಲಿ ಕಂಡಿತು. ಮೊದಲನೇ ತಿರುವಿಗೆ ಬ್ರೇಕ್ ಹಿಡಿಯಿತು, ನಿಂತು ತಿರುಗಿತು. ಎರಡನೇ ತಿರುವಿನಲ್ಲಿ ನಿಲ್ಲಲಿಲ್ಲ.

ಓಡಿದೆ. ರಸ್ತೆಯಲ್ಲಲ್ಲ, ನೇರ ಕೆಳಕ್ಕೆ, ಕಾಫಿ ಸಾಲುಗಳ ನಡುವೆ. ಸೊಂಟಕ್ಕೆ ಕಟ್ಟಿದ ಬುಟ್ಟಿ ಬಿಚ್ಚುವಷ್ಟೂ ಹೊತ್ತಿರಲಿಲ್ಲ. ಹಣ್ಣೆಲ್ಲ ಚೆಲ್ಲಿತು, ಬಿದ್ದೆ, ಎದ್ದೆ. ಗಿಡಗಳ ಮರೆಯಲ್ಲಿ ಗಾಡಿ ಕಾಣುತ್ತಿರಲಿಲ್ಲ. ಸದ್ದು ಮಾತ್ರ. ಚಿಕ್ಕ ಗೇರಿನಲ್ಲಿ ಎಂಜಿನ್ ಒಂದೇ ಸಮ ಗೋಳಿಡುತ್ತಿತ್ತು. ಕ್ಲಚ್ ತುಳಿದಳೆಂದರೆ ಆ ಗೋಳು ನಿಲ್ಲುತ್ತದೆ. ನಿಂತರೆ ಮುಗಿಯಿತು, ಕೆಳಗೆ ಹೊಳೆಯೇ. ನಿಲ್ಲಬೇಡ, ಗೋಳಿಡು, ಗೋಳಿಡು ಎನ್ನುತ್ತಾ ಓಡಿದೆ. ದೇವರನ್ನು ಕರೆದೆನೋ ಎಂಜಿನ್ನನ್ನು ಕರೆದೆನೋ ತಿಳಿಯದು.

ಸದ್ದು ನಿಂತಿತು.

ನನ್ನ ಕಾಲೂ ನಿಂತಿತು. ಆಮೇಲೆ ಹೇಗೆ ರಸ್ತೆಗೆ ಬಂದೆನೋ.

ಗಾಡಿಯ ಮೂತಿ ಮಣ್ಣಿನ ದರೆಯೊಳಗೆ ಹೂತಿತ್ತು. ಹೊಳೆಯ ಕಡೆಗಲ್ಲ, ಬೆಟ್ಟದ ಕಡೆಗೆ. ಬೇಕೆಂದೇ ಅತ್ತ ತಿರುಗಿಸಿ ನಿಲ್ಲಿಸಿದ್ದಳು. ಯುರಾನಿ ಸ್ಟೀರಿಂಗ್ ಹಿಡಿದು ಹಾಗೇ ಕೂತಿದ್ದಳು. ತುಟಿ ಬೆಳ್ಳಗಾಗಿತ್ತು. ಎಲ್ಲೂ ಗಾಯವಿಲ್ಲ.

“ಕ್ಲಚ್ ಮುಟ್ಲಿಲ್ಲ” ಎಂದಳು.

ತಬ್ಬಿಕೊಳ್ಳಲು ಹೋದೆ. ಅಷ್ಟರಲ್ಲಿ ಇಳಿದು ಗಾಡಿಯ ಕೆಳಗೆ ತೂರಿದ್ದಳು. ಹಿಂದಿನ ಚಕ್ರವೆಲ್ಲ ಬ್ರೇಕ್ ಆಯಿಲಿನಿಂದ ಒದ್ದೆ. ಕೆಳಗಿಂದ ದನಿ ಬಂತು, ಚಿಕ್ಕ ಮಗುವಿನದರ ಹಾಗೆ.

“ಅಪ್ಪಾ. ಇದರ ಗೆರೆ ಮುರಿದಿದೆ.”

ಚಕ್ರದ ಮೇಲಿನ ಆಯಿಲನ್ನು ಅಂಗಿಯಿಂದ ಒರೆಸತೊಡಗಿದೆ.

“ತಾನಾಗೇ ಸಡಿಲ ಆಗಿಲ್ಲ ಇದು. ಸ್ಪ್ಯಾನರ್ ಗುರುತಿದೆ, ಹೊಸದು.”

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದೇ ಉತ್ತರವಾಯಿತು.

ಹೊರಬಂದು ಎದ್ದು ನಿಂತಳು. ಕೂಗಾಡಿದ್ದರೆ ಚೆನ್ನಾಗಿತ್ತು.

“ಪಾಯಿಂಟಿನ ಎಣ್ಣೆನೂ? ಫ್ಲೋಟೂ?”

“ನೀನು ಬರೋದು ನಿಲ್ಲಿಸ್ತೀಯ ಅಂತ... ಗಾಡಿ ಮುಗಿದ್ರೆ...”

ನನ್ನನ್ನೇ ನೋಡಿದಳು. “ಮನೆಯಿಂದ ಪಿಜಾವೋ ಸ್ಕೂಲಿಗೆ ಎಷ್ಟು ಹೊತ್ತಾಗುತ್ತೆ ಅಂತ ನೋಡೋಕೆ ಹೊರಟಿದ್ದೆ ಅಪ್ಪಾ. ಜನವರಿಗೆ ಅಲ್ಲಿ ಸೀಟು ಕೇಳಿದೀನಿ. ಇಲ್ಲೇ ಇರೋಣ ಅಂತ, ನಿನ್ನ ಜೊತೆ. ಇಲ್ಲಿಗೆ ಬಸ್ಸಿಲ್ಲ, ದಿನಾ ಹೋಗಿಬರೋಕೆ ಗಾಡಿ ಓಡೋ ಹಾಗಾದ್ರೆ ಮಾತ್ರ ಅಂತ ಅಮ್ಮ ಒಪ್ಪಿದ್ಲು. ನಿಂಗೆ ಶನಿವಾರ ಹೇಳೋಣ ಅಂತಿದ್ದೆ.”

ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೆಳಗಿನ ದಾರಿ ಹಿಡಿದಳು. ಹಿಂದೆಯೇ ಹೋದೆ. “ಬರ್ಬೇಡ” ಎಂದಳು. ನಿಂತೆ.

ಮಾಡಿದ್ದುಣ್ಣೋ ಮಾರಾಯ.

ಅಕ್ಟೋಬರ್ 26, ಶನಿವಾರ

ಬರಲಿಲ್ಲ.

ನವೆಂಬರ್ 2, ಶನಿವಾರ

ಬರಲಿಲ್ಲ. ಫೋನಿಗೂ ಸಿಗಲಿಲ್ಲ. ದೊನ್ ಆರ್ಸೇಸಿಯೋ ಎತ್ತು ಕಟ್ಟಿ ಗಾಡಿಯನ್ನು ಶೆಡ್ಡಿಗೆ ಎಳೆಸಿಕೊಟ್ಟರು. ಬ್ರೇಕು ಹೇಗೆ ಕೆಟ್ಟಿತೆಂದು ಕೇಳಲಿಲ್ಲ. ಕೇಳದೇ ಇದ್ದದ್ದರಲ್ಲೇ ಎಲ್ಲ ಇತ್ತು.

ನಟ್ಟು ಮುಟ್ಟಿಲ್ಲ. ಮುಟ್ಟುವ ಹಕ್ಕಿಲ್ಲ.

ನವೆಂಬರ್ 17, ಭಾನುವಾರ

ಕಲಾರ್ಕಾಗೆ ಹೋಗಿಬಂದೆ. ನೊಹೇಲಿಯಾ ಬಾಗಿಲಲ್ಲೇ ನಿಲ್ಲಿಸಿದಳು. ಯುರಾನಿ ಹೊರಗೆ ಹೋಗಿದ್ದಳಂತೆ. ಒಳ್ಳೆಯದೇ ಆಯಿತೆಂದುಕೊಂಡು ಎಲ್ಲ ಹೇಳಿದೆ. ಎಣ್ಣೆ, ಫ್ಲೋಟು, ನಟ್ಟು. ಅವಳ ಮುಖ ನೋಡದೆ, ಬಾಗಿಲ ಚಿಲಕ ನೋಡುತ್ತಾ ಹೇಳಿದೆ.

ಕಿರುಚುತ್ತಾಳೆ ಅಂದುಕೊಂಡಿದ್ದೆ. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಹಳೇ ಪೈಪು, ತಾನಾಗೇ ಒಡೀತು ಅಂದ್ಲು ನಂಗೆ. ಅಪ್ಪನೇ ಓಡಿಬಂದು ನಿಲ್ಲಿಸಿದ ಅಂದ್ಲು.”

ಗೋಡೆಗೆ ಒರಗಿದೆ.

“ಕೊಂದೇಬಿಡ್ತಿದ್ಯಲ್ಲೋ ಪಾಪಿ, ನನ್ನ ಮಗಳನ್ನ.” ಆಮೇಲೆ, ದನಿ ಇಳಿಸಿ — “ಒಂದು ಮಾತು ಕೇಳೋದಲ್ವಾ ಎವೇಲಿಯೋ? ‘ಬಂದು ನನ್ನ ಜೊತೆ ಇರ್ತೀಯಾ ಮಗಳೇ’ ಅಂತ. ನನ್ನನ್ನೂ ನೀನು ಹೀಗೇ ಕಳ್ಕೊಂಡಿದ್ದು. ಬಾಯಿಬಿಟ್ಟು ಒಂದು ಸಲ ಕೇಳ್ಲಿಲ್ಲ.”

ಬಾಗಿಲು ಹಾಕಿಕೊಂಡಳು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅದೇ ಮಾತು.

ನವೆಂಬರ್ 23, ಶನಿವಾರ

ಸಂತೆ ಜೀಪಿನಿಂದ ಇಳಿದಳು. ನಾನು ಜಗಲಿಯಿಂದ ಏಳುವಷ್ಟರಲ್ಲಿ ಶೆಡ್ಡಿನೊಳಗಿದ್ದಳು.

ಹನ್ನೆರಡರ ಸ್ಪ್ಯಾನರ್ ಗೋಡೆಯಿಂದ ತಾನೇ ತೆಗೆದುಕೊಂಡಳು. ನಟ್ಟು ಬಿಗಿದಳು. ಆಯಿಲ್ ತುಂಬಿದಳು. ಗಾಳಿ ತೆಗೆಯಬೇಕು, ಅದು ಒಬ್ಬರಿಂದ ಆಗದು. ಸ್ವಲ್ಪ ಹೊತ್ತು ಚಕ್ರ ನೋಡುತ್ತಾ ಕುಕ್ಕರಗಾಲಲ್ಲಿ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗದೆ —

“ಒತ್ತು.”

ಹತ್ತಿ ಕೂತೆ. ಒತ್ತಿದೆ.

“ಹಿಡ್ಕೋ.”

ಹಿಡಿದೆ.

“ಬಿಡು.”

ಬೆಳಗಿನಿಂದ ಈ ಮೂರೇ ಮಾತು. ಹೇಳಿದ್ದು ಮಾಡಿದೆ. ಪೆಡಲ್ ಕಾಲ ಕೆಳಗೆ ಮೆಲ್ಲಗೆ ಗಟ್ಟಿಯಾಗುತ್ತಾ ಬಂತು.

ಕೊನೆಗೆ ಉಗುರುಬಣ್ಣ ತೆಗೆದಳು. ಆ ನಟ್ಟಿಗೆ ಹೊಸ ಗೆರೆ ಎಳೆದಳು. ಮುರಿದ ಹಳೆಯದನ್ನು ಒರೆಸಲು ಬಟ್ಟೆ ಕೊಟ್ಟೆ.

“ಬೇಡ. ಇರ್ಲಿ ಅದು.”

ಎದ್ದು ನಿಂತು ಸೊಂಟ ನೆಟ್ಟಗೆ ಮಾಡಿಕೊಂಡಳು. “ನೀನೇ ಬಂದು ಹೇಳ್ದೆ ಅಂತ ಅಮ್ಮ ಹೇಳಿದ್ಲು.” ನಾನು ಕಾದೆ. “ಅದಕ್ಕೇ ಬಂದಿದ್ದು. ಗಾಡಿ ಹಾಗೇ ಬಿಡೋಕಾಗಲ್ಲ. ಅಷ್ಟೇ.”

ಅಷ್ಟೇ ಅಂದರೆ ಎಷ್ಟು? ಜನವರಿಯ ಮಾತೆತ್ತಲಿಲ್ಲ. ಸೀಟು ಇದೆಯೋ, ಬಿಟ್ಟಳೋ ತಿಳಿಯದು. ಗಾಡಿಯಲ್ಲಿ ಇನ್ನು ಮಾಡುವುದೇನೂ ಇಲ್ಲ. ಬಣ್ಣ ಬೇಡ, ಹೆಸರು ಹಾಗೇ ಕಾಣಲಿ ಎಂದಳು. ಅಂದರೆ ಮುಂದಿನ ಶನಿವಾರಕ್ಕೆ ಕೆಲಸವಿಲ್ಲ. ಸಂತೆ ಜೀಪು ವಾಪಸು ಹೋಗುವ ಹೊತ್ತಾಯಿತು.

ಒಲೆಯ ಮೇಲೆ ಬೆಲ್ಲದ ನೀರು ಕುದಿಯುತ್ತಿದೆ. ಅವಳು ಹಿತ್ತಲ ತೊಟ್ಟಿಯಲ್ಲಿ ಕೈ ತೊಳೆಯುತ್ತಿದ್ದಾಳೆ. ಇಲ್ಲಿ ನಿಂತೇ ಬರೆಯುತ್ತಿದ್ದೇನೆ. ಬರೆದರೆ ಬಾಯಿ ಬರುತ್ತದೇನೋ ಎಂದು. ಕೇಳಬೇಕು. ಇಷ್ಟು ವರ್ಷಕ್ಕೆ ಒಂದು ಸಲ. ಗಾಡಿಯ ಮಾತು, ನೆಪದ ಮಾತು ಬೇಡ. ಇರ್ತೀಯಾ ಎಂದು. ಇಲ್ಲ ಅಂದರೆ ಇಲ್ಲ. ಆದರೂ ಕೇಳಬೇಕು.

ನೀರಿನ ಸದ್ದು ನಿಂತಿತು. ಬಾಗಿಲಲ್ಲಿ ನಿಂತಿದ್ದಾಳೆ, ಒದ್ದೆ ಕೈ. ಏನು ಬರೀತಿದ್ಯಾ ಅಪ್ಪಾ ಎನ್ನುತ್ತಿದ್ದಾಳೆ. ಈಗ. ಈಗಲೇ ಕೇ