ಅಪ್ಪನಂತೆ ಬಿದ್ದ ಕರಡಿ

ಗ್ಲೆಂಡೇಲ್, ಕ್ಯಾಲಿಫೋರ್ನಿಯಾ
೧೯೪೪ ಅಕ್ಟೋಬರ್ ೧೫, ಭಾನುವಾರ

ಪ್ರೀತಿಯ ತಮ್ಮ ರೂಫಸ್,

ಹೇಗಿದ್ದೀಯ? ಹಡಗಿನಲ್ಲಿ ಹೊಟ್ಟೆ ತೊಳಸುವುದು ನಿಂತಿತೆ? ಕಾಲ್ಬೆರಳಿನ ಸಂದಿಯ ಹುಣ್ಣು ಒಣಗಿತೆ? ನೀನು ಆಗಸ್ಟಿನಲ್ಲಿ ಬರೆದ ಕಾಗದ ಮೊನ್ನೆ ಬಂತು. ಸೆನ್ಸಾರಿನವರು ಎರಡು ಕಡೆ ಕತ್ತರಿ ಆಡಿಸಿದ್ದರಿಂದ ನೀನು ಯಾವ ಸಮುದ್ರದಲ್ಲಿದ್ದೀಯೆಂಬುದು ತಿಳಿಯಲಿಲ್ಲ, ಆದರೆ ಹುಳ ಬಿದ್ದ ಬಿಸ್ಕತ್ತಿನ ಸಂಗತಿಯನ್ನು ಪೂರ್ತಿ ಉಳಿಸಿದ್ದಾರೆ. ಮೂರು ಜೊತೆ ಉಣ್ಣೆಯ ಕಾಲುಚೀಲ, ಪೆಪ್ಪರ್‌ಮಿಂಟು, ಒಂದು ಡಬ್ಬಿ ಹಣ್ಣಿನ ಕೇಕು ಕಳಿಸಿದ್ದೇನೆ. ಕೇಕು ಗಟ್ಟಿಯಾಗಿದ್ದರೆ ಕಾಫಿಯಲ್ಲಿ ಅದ್ದು. ಸಕ್ಕರೆಯ ರೇಷನ್ನಿನಲ್ಲಿ ಅದಕ್ಕಿಂತ ಚೆನ್ನಾಗಿ ಮಾಡುವುದು ನನ್ನಿಂದಾಗಲಿಲ್ಲ. ನಾನು ಆರೋಗ್ಯವಾಗಿದ್ದೇನೆ, ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ, ಅಷ್ಟೆ.

ಶನಿವಾರಗಳಲ್ಲಿ ಡೆಕ್ಕಿನ ಮೇಲೆ ಪರದೆ ಕಟ್ಟಿ, ದೊಡ್ಡ ಚಿತ್ರಕ್ಕೆ ಮೊದಲು ಏಳು ನಿಮಿಷದ ಕಾರ್ಟೂನು ತೋರಿಸುತ್ತಾರೆಂದೂ, ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಗುವಾಗ ನೀನು ಎದ್ದು ಕೆಳಗೆ ಹೋಗುತ್ತೀಯೆಂದೂ ಬರೆದಿದ್ದೆ. 'ಬೀಳುವವರನ್ನು ನೋಡಿ ನಗುವ ಜನರನ್ನು ನಾನು ಚಿಕ್ಕವನಾಗಿದ್ದಾಗಲೇ ಬೇಕಾದಷ್ಟು ನೋಡಿದ್ದೇನೆ. ಅಂಥದ್ದನ್ನೇ ಮಾಡುವ ಕಡೆ ನೀನು ಹೇಗೆ ಕೆಲಸ ಮಾಡುತ್ತೀ ಅಕ್ಕಾ?' ಎಂದೂ ಕೇಳಿದ್ದೆ. ಅದಕ್ಕೆ ಒಂದೇ ಸಾಲಿನಲ್ಲಿ ಉತ್ತರ ಬರೆಯೋಣವೆಂದು ಕುಳಿತವಳು ಮೂರು ಹಾಳೆ ಹರಿದುಹಾಕಿದ್ದೇನೆ. ಸ್ವಲ್ಪ ಉದ್ದವಾದರೂ ಓದು.

ನನ್ನ ಕೆಲಸ ದೊಡ್ಡದೇನಲ್ಲ. ಚಿತ್ರಕಾರರು ಪೆನ್ಸಿಲಿನಲ್ಲಿ ಬರೆದದ್ದರ ಮೇಲೆ ಪಾರದರ್ಶಕ ಹಾಳೆಯಿಟ್ಟು, ಅದೇ ಗೆರೆಗಳನ್ನು ಮಸಿಯಲ್ಲಿ ತಿದ್ದುವುದು. ಒಂದು ಸೆಕೆಂಡಿಗೆ ಹನ್ನೆರಡು ಹಾಳೆ, ಓಟ ಜೋರಾಗಿದ್ದರೆ ಇಪ್ಪತ್ನಾಲ್ಕು. ಕೈಬೆವರು ತಾಗದಂತೆ ಬೆರಳತುದಿ ಕತ್ತರಿಸಿದ ಬಿಳಿ ಗವಸು ಹಾಕಿಕೊಂಡು ನಲವತ್ತು ಹೆಂಗಸರು ಸಾಲಾಗಿ ಕೂತಿರುತ್ತೇವೆ. ಗೆರೆ ನಡುಗಬಾರದೆಂದು ಉಸಿರು ಹಿಡಿದೇ ಎಳೆಯುವುದು ಅಭ್ಯಾಸವಾಗಿದೆ. ಹಾಗಾಗಿ ಜಗತ್ತನ್ನೆಲ್ಲ ನಗಿಸುವ ಆ ಮನೆಯಲ್ಲಿ ನಮ್ಮದು ಪ್ರಾರ್ಥನೆಯ ಹೊತ್ತಿನ ಚರ್ಚಿನಂಥ ಕೋಣೆ.

ಕಳೆದ ಫೆಬ್ರವರಿಯಲ್ಲಿ ಒಂದು ಹೊಸ ಚಿತ್ರ ಶುರುವಾಗಿತ್ತು. ನಾಲ್ಕನೆಯ ಮಹಡಿಯ ಕಿಟಕಿಯಲ್ಲಿ ಕೋಳಿಯೊಂದು ಆರಲು ಇಟ್ಟ ಸೇಬಿನ ಕಡುಬನ್ನು ಕದಿಯಲು ಕರಡಿ ಹತ್ತುತ್ತದೆ, ಬೀಳುತ್ತದೆ, ಮತ್ತೆ ಹತ್ತುತ್ತದೆ. ಕಥೆ ಇಷ್ಟೇ. ನಿರ್ದೇಶಕರು ಲೂಮಿಸ್ ಎಂಬ ಸಣಕಲು ಮನುಷ್ಯ, ದಿನಕ್ಕೆ ನಾಲ್ಕು ಪೆನ್ಸಿಲ್ ಜಗಿಯುತ್ತಾರೆ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ಮುಂದೆಯೇ ನಿಂತು ಚಿತ್ರ ಬರೆಯುವ ಹುಡುಗರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. "ಕರಡಿ ಬಿದ್ದ ಹಾಗಿದೆಯೇನ್ರಯ್ಯಾ ಅದು? ಹಿಟ್ಟಿನ ಮೂಟೆ ಬಿದ್ದ ಹಾಗಿದೆ! ನಾಲ್ಕು ಸಲ ಬೀಳುತ್ತೆ, ಒಬ್ಬನಾದ್ರೂ ನಕ್ಕನಾ?" ನಾನು ಸುಮ್ಮನಿರಬೇಕಿತ್ತು. ಆದರೆ ಬಾಯಿ ತಪ್ಪಿ, "ನಮ್ಮಪ್ಪ ಮೂವತ್ತು ವರ್ಷ ಸ್ಟೇಜಿನ ಮೇಲೆ ಬಿದ್ದೇ ಸಂಸಾರ ಸಾಕಿದ್ದು" ಎಂದುಬಿಟ್ಟೆ. ಲೂಮಿಸ್ ತಟ್ಟೆ ಕೆಳಗಿಟ್ಟರು. "ಬದುಕಿದ್ದಾರಾ?" ಎಂದರು. "ಇದ್ದಾರೆ, ರೇಡಿಯೋ ಪಕ್ಕ" ಎಂದೆ. "ನಾಳೆ ಕರೆದುಕೊಂಡು ಬಾ" ಎಂದರು.

ಅಮ್ಮ ಹೋದ ಮೇಲೆ ಅಪ್ಪ ನಿಜಕ್ಕೂ ಆ ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ. ಆದರೆ ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಪೆಟ್ಟಿಗೆಯ ತಳದಿಂದ, ಸ್ಟೇಜಿನ ಮೇಲೆ ಹಾಕಿಕೊಳ್ಳುತ್ತಿದ್ದ ಆ ಹಳೆಯ ವೇಟರ್ ಸೂಟು ತೆಗೆದು ತಾವೇ ಇಸ್ತ್ರಿ ಮಾಡಿಕೊಂಡಿದ್ದಾರೆ, ನುಸಿ ತಿಂದ ತೂತುಗಳಿಗೆ ನನ್ನ ಮಸಿ ಬಳಿದಿದ್ದಾರೆ. ಅರವತ್ತಮೂರು ವರ್ಷ, ಮಂಡಿಗಳು ಮುರುಕು ಬಾಗಿಲಿನಂತೆ ಕಿರುಗುಟ್ಟುತ್ತವೆ. ಬೇಡವೆಂದರೆ ಕೇಳಬೇಕಲ್ಲ.

ಸ್ಟುಡಿಯೋದಲ್ಲಿ ಲೂಮಿಸ್ ನನ್ನನ್ನೂ ಜೊತೆಗೆ ಕೂರಿಸಿದರು. ಎಂಟು ಜನ ಹುಡುಗರು ಕಾಗದ ಹಿಡಿದು ಸುತ್ತ ಕೂತಿದ್ದರು. ಅಪ್ಪ ಕುರ್ಚಿಯಿಂದ ಬಿದ್ದು ತೋರಿಸಿದರು, ಕುರ್ಚಿಯ ಜೊತೆಗೆ ಬಿದ್ದು ತೋರಿಸಿದರು, ಇಲ್ಲದ ಕುರ್ಚಿಯ ಮೇಲೆ ಕೂತು ಬಿದ್ದರು. ಪ್ರತಿ ಸಲವೂ ಮೈಗಿಂತ ಮೊದಲು ಅಂಗೈ ನೆಲಕ್ಕೆ ಬಡಿದು ಸದ್ದು ಮಾಡುತ್ತಿತ್ತು, ಪೆಟ್ಟನ್ನೆಲ್ಲ ಆ ಅಂಗೈಯೇ ತೆಗೆದುಕೊಳ್ಳುವುದು ನಿನಗೆ ಗೊತ್ತಲ್ಲ. "ಬೀಳೋದ್ರಲ್ಲಿ ನಗು ಇಲ್ಲ ಕಣ್ರಪ್ಪಾ" ಎಂದರು. "ನೆಲ ಇಲ್ಲ ಅಂತ ಗೊತ್ತಾದ ಮೇಲೂ ಮನುಷ್ಯ ಮರ್ಯಾದಸ್ಥನ ಹಾಗೆ ತೋಳಿನ ಧೂಳು ಕೊಡವಿಕೊಳ್ತಾನೆ ನೋಡಿ, ಅದರಲ್ಲಿದೆ. ನಿಮ್ಮ ಕರಡಿಗೆ ಒಂಚೂರು ಮರ್ಯಾದೆ ಕೊಡಿ, ಆಮೇಲೆ ಬೀಳಿಸಿ." ಹುಡುಗರ ಪೆನ್ಸಿಲುಗಳು ಮಳೆ ಬಂದ ಹಾಗೆ ಸದ್ದು ಮಾಡಿದವು. ಅಪ್ಪನ ಮುಖದಲ್ಲಿ ನಾನು ಎಷ್ಟೋ ವರ್ಷಗಳಿಂದ ಕಾಣದ ಬಣ್ಣ ಬಂದಿತ್ತು.

ಆಮೇಲೆ ಒಬ್ಬ ಹುಡುಗ ಕೇಳಿದ: ಕರಡಿ ಕೋಳಿಯ ಎರಡೂ ರೆಕ್ಕೆ ಹಿಡಿದು ಗಿರಗಿರನೆ ತಿರುಗಿಸಿ ಎಸೆಯುವ ದೃಶ್ಯವಿದೆ, ಅದರ ಲೆಕ್ಕ ಹೇಗೆ, ಕೋಳಿ ಯಾವಾಗ ಜಿಗಿಯಬೇಕು ಎಂದು. ಅಪ್ಪ ನಕ್ಕರು. "ಕೋಳಿ ಯಾಕಪ್ಪಾ ಜಿಗಿಯುತ್ತೆ? ತಿರುಗಿಸೋವಾಗ ಅದರ ಕಾಲು ನೆಲದ ಮೇಲೇ ಇರಲ್ಲ. ಗಳಿಗೆ ಇರೋದು ಎಸೆಯೋನ ಕೈಯಲ್ಲಿ. ಹಾರೋನು ಬೇಗನೂ ಹೋಗೋಕಾಗಲ್ಲ, ತಡನೂ ಮಾಡೋಕಾಗಲ್ಲ." ಹೇಳಿ ಮುಂದಿನ ಮಾತಿಗೆ ಹೋದರು. ನಾನು ಮಾತ್ರ ಆ ಮಾತಿನಲ್ಲೇ ನಿಂತುಬಿಟ್ಟೆ ರೂಫಸ್. ಒಮಾಹಾದ ಆ ಸ್ಟೇಜಿನ ಮೇಲೆ ನೀನು ಒಂಬತ್ತು ವರ್ಷದವನು. ಅಪ್ಪ ನಿನ್ನ ಕೈ ಹಿಡಿದು ತಿರುಗಿಸಿ ಬಿಟ್ಟಾಗ ಹಾಸಿಗೆಯಿದ್ದ ಪೆಟ್ಟಿಗೆಯೊಳಕ್ಕೆ ಬೀಳುವ ಬದಲು ಅದರ ಅಂಚಿಗೆ ಬಡಿದು ನಿನ್ನ ಹೆಗಲೆಲುಬು ಮುರಿಯಿತು, ಭುಜ ಕಳಚಿತು. ಜನ ಆಟವೆಂದು ತಿಳಿದು ಚಪ್ಪಾಳೆ ತಟ್ಟಿದರು. ನಾನು ಪಕ್ಕದ ತೆರೆಯ ಹಿಂದೆ ಸೂಜಿ ದಾರ ಹಿಡಿದು ನಿಂತಿದ್ದೆ. ಹುಡುಗ ತಡ ಮಾಡಿದ, ಹುಡುಗ ತಡ ಮಾಡಿದ ಎಂದು ಹತ್ತು ವರ್ಷ ಊಟದ ಮೇಜಿನಲ್ಲಿ ಅಪ್ಪನ ಬಾಯಿಂದ ಕೇಳಿದ್ದೇವೆ. ಅಮ್ಮನ ಮಣ್ಣಾದ ದಿನ ನೆಂಟರೆಲ್ಲರ ಮುಂದೆ ಅದನ್ನೇ ಹೇಳಿದ್ದಕ್ಕಲ್ಲವೇ ನೀನು ಮನೆ ಬಿಟ್ಟು ಹೋದದ್ದು? ಯಾರೂ ತಡ ಮಾಡುವುದಕ್ಕೆ ಆಗದಿದ್ದರೆ, ನೀನು ಹೇಗೆ ತಡ ಮಾಡಿದೆ? ಅಂದು ನಾನು ಕೇಳಲಿಲ್ಲ. ಎಂಟು ತಿಂಗಳು ಕೇಳಲಿಲ್ಲ.

ಕೇಳದಿರಲು ಕಾರಣವೂ ಇತ್ತು. ಮೂರನೆಯ ದಿನ ಅಪ್ಪ ಕಾಫಿ ಲೋಟ ಹಿಡಿದು ಕೋಣೆಯ ನಡುವೆ ಬರುತ್ತಿದ್ದವರು ಸಮತಟ್ಟಾದ ನೆಲದ ಮೇಲೆ ಕಾಲು ಜಾರಿ ಬಿದ್ದರು. ಕಾಫಿ ಮೇಲಕ್ಕೆ ಹಾರಿ ಅವರ ಮೇಲೇ ಸುರಿಯಿತು. ಹುಡುಗರು ಕೇಕೆ ಹಾಕಿ ನಕ್ಕರು, ಒಬ್ಬ ಶಿಳ್ಳೆ ಹೊಡೆದ. ಅಂಗೈ ಬಡಿದ ಸದ್ದು ಬಂದಿರಲಿಲ್ಲ. ಅದು ಗೊತ್ತಾದದ್ದು ನನಗೊಬ್ಬಳಿಗೆ, ನಾನು ಓಡಿದೆ. ಮಣಿಕಟ್ಟು ಮುರಿದಿತ್ತು. ಹುಡುಗರ ನಗು ನಿಂತಿತು, ಶಿಳ್ಳೆ ಹೊಡೆದವನಂತೂ ಅಳುವ ಹಾಗಾದ. ಅಪ್ಪ ಮಲಗಿದ್ದಲ್ಲಿಂದಲೇ, "ಯಾಕ್ರೋ ನಿಲ್ಲಿಸಿದ್ರಿ, ಚೆನ್ನಾಗಿ ಬಂದಿರಲಿಲ್ವಾ?" ಎಂದರು. ಯಾರೂ ನಗಲಿಲ್ಲ. ನಿನಗೆ ಆಗ ಬರೆಯಲಿಲ್ಲ, ಕ್ಷಮಿಸು. ಈಗ ಕೂಡಿಕೊಂಡಿದೆ, ಸ್ವಲ್ಪ ಸೊಟ್ಟಗೆ.

ಚಿತ್ರ ಮುಗಿದು ಕಳೆದ ಮಂಗಳವಾರ ಮಧ್ಯಾಹ್ನ ಬ್ರ್ಯಾಂಡ್ ಬೀದಿಯ ಥಿಯೇಟರಿನಲ್ಲಿ ಜನರ ಮುಂದೆ ಹಾಕಿ ನೋಡಿದರು. ಅಪ್ಪನ ಜೊತೆ ಪಕ್ಕದ ಮನೆಯ ಮಿಸೆಸ್ ಡನ್‌ಲೀವಿಯನ್ನೂ ಎಳೆದುಕೊಂಡು ಹೋದೆ. ಅವರ ಮಗ ಜೂನ್‌ನಲ್ಲಿ ಯುದ್ಧದಲ್ಲಿ ತೀರಿಹೋದ, ಮಗನನ್ನು ಕಳೆದುಕೊಂಡ ಮನೆಯ ಗುರುತಾದ ಚಿನ್ನದ ನಕ್ಷತ್ರ ಕಿಟಕಿಯಲ್ಲಿ ತೂಗುಹಾಕಿದ ಮೇಲೆ ಅಂಗಡಿಗೂ ಹೊರಬಿದ್ದಿರಲಿಲ್ಲ. ಕರಡಿ ನಾಲ್ಕನೆಯ ಮಹಡಿಯ ಆಚೆ ಗಾಳಿಯಲ್ಲಿ ನಿಂತಿತು, ಕೆಳಗೆ ನೋಡಿತು, ತೋಳಿನ ಧೂಳು ಕೊಡವಿಕೊಂಡಿತು. ಅಷ್ಟೂ ಹಾಳೆಗಳನ್ನು ಮಸಿಯಲ್ಲಿ ತಿದ್ದಿದವಳು ನಾನು, ಆದರೂ ಅಲ್ಲಿ ನಿಂತದ್ದು ಅಪ್ಪನೇ ಎನ್ನಿಸಿತು. ಅಪ್ಪ ಪಕ್ಕದಲ್ಲಿ ಪಿಸುಗುಡುತ್ತಿದ್ದರು: "ಒಂದು... ಎರಡು... ಈಗ." ಈಗ ಎಂದೊಡನೆ ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು. ಕರಡಿ ರೊಟ್ಟಿಯಂತೆ ಚಪ್ಪಟೆಯಾಗಿ, ಅಂಚು ಹಿಡಿದು ತನ್ನನ್ನು ತಾನೇ ಕೊಡವಿಕೊಂಡು ಮತ್ತೆ ಗೋಡೆ ಹತ್ತಿತು. ಮಿಸೆಸ್ ಡನ್‌ಲೀವಿ ಕೈಚೀಲ ಕೆಳಗೆ ಬಿದ್ದದ್ದೂ ತಿಳಿಯದೆ ನಗುತ್ತಿದ್ದರು. ಹೊರಗೆ ಬಂದ ಮೇಲೆ, "ಅದಕ್ಕೆ ಏನೂ ಆಗಲ್ಲ ಅಲ್ವಾ ಹೆಸ್ಟರ್? ಎಷ್ಟು ಸಲ ಬಿದ್ರೂ ಏನೂ ಆಗಲ್ಲ" ಎಂದರು. ನಿನ್ನ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಅಷ್ಟೇ. ನಿನ್ನ ಹಡಗಿನ ಇನ್ನೂರು ಜನರೂ ಬಹುಶಃ ಅದಕ್ಕೇ ನಗುತ್ತಾರೆ.

ಅಪ್ಪ ನಗಲಿಲ್ಲ. ಹಿಂದಿರುಗುವಾಗ ಟ್ರಾಮಿನಲ್ಲಿ ನಾನು ಕೇಳಿಯೇಬಿಟ್ಟೆ: "ಹಾರೋನು ತಡ ಮಾಡೋಕಾಗಲ್ಲ ಅಂದಿರಲ್ಲ, ಒಮಾಹಾದಲ್ಲಿ ರೂಫಸ್ ಹೇಗೆ ತಡ ಮಾಡಿದ?" ಅಪ್ಪ ಆ ಸೊಟ್ಟ ಮಣಿಕಟ್ಟನ್ನು ನೀವಿಕೊಂಡರು. ಆಮೇಲೆ ಹೇಳಿದರು: "ಅವನು ಮಾಡ್ಲಿಲ್ಲ. ನಾನೇ ಬೇಗ ಕೈ ಬಿಟ್ಟೆ. ಮುಂದಿನ ಸಾಲಿನಲ್ಲಿ ನ್ಯೂಯಾರ್ಕಿನ ಏಜೆಂಟು ಕೂತಿದ್ದ, ಅವನ ಮುಖ ನೋಡೋಕೆ ಹೋದೆ. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯ್ತು ಅಂದಾಗ ಹುಡುಗನೇ 'ನಾನು ತಡ ಮಾಡ್ದೆ' ಅಂದುಬಿಟ್ಟ. ನನ್ನ ಮುಖ ನೋಡ್ಕೊಂಡೇ ಅಂದ. ನಾನು ಹೂಂ ಅಂದೆ. ಆಮೇಲೆ ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಅನ್ನಿಸಿಬಿಡ್ತು."

ನಾನು ಸಮಾಧಾನ ಹೇಳಲಿಲ್ಲ. ಸಿಟ್ಟು ಬಂದಿತ್ತು, ಎರಡು ದಿನ ಮಾತಾಡಿಸಲಿಲ್ಲ, ಊಟ ಬಡಿಸಿ ಎದ್ದು ಹೋಗುತ್ತಿದ್ದೆ. ನಿನ್ನ ಮೇಲೂ ಸಿಟ್ಟು ಬಂತು, ನನಗಾದರೂ ಹೇಳಬಾರದಿತ್ತೇ? ಶುಕ್ರವಾರ ಅವರೇ ಬಂದು, ಇದನ್ನು ಅವನಿಗೆ ಬರಿ, ಬಿಡದೆ ಬರಿ ಎಂದರು. ಬರೆದಿದ್ದೇನೆ. ಕ್ಷಮಿಸಬೇಕೋ ಬೇಡವೋ ಎನ್ನುವುದು ನಿನ್ನ ಮಾತು, ನಾನು ನಡುವೆ ಬರುವುದಿಲ್ಲ.

ಮಿಸೆಸ್ ಡನ್‌ಲೀವಿ ನೆನಪು ಹೇಳಿದ್ದಾರೆ, ಬೆಚ್ಚಗಿರು ಎಂದಿದ್ದಾರೆ. ಹೊತ್ತಿಗೆ ಸರಿಯಾಗಿ ತಿನ್ನು, ಕಾಲು ಒಣಗಿಸಿಕೋ, ಸುಮ್ಮನೆ ಧೈರ್ಯ ತೋರಿಸಲು ಹೋಗಬೇಡ. ದೇವರು ನಿನ್ನನ್ನೂ ಆ ಹಡಗನ್ನೂ ನೀರಿನ ಮೇಲೆಯೇ ಇಟ್ಟಿರಲಿ.

ನಿನ್ನ ಅಕ್ಕ,
ಹೆಸ್ಟರ್

ಮರೆತೆ: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಹೇಳಿಬಿಡುತ್ತೇನೆ. ಈ ನಾಲ್ಕು ವರ್ಷ ಪ್ರತಿ ಕಾಗದದ ಕೊನೆಯಲ್ಲಿ 'ಅಪ್ಪ ನಿನ್ನನ್ನು ಕೇಳಿದರು' ಎಂದು ಬರೆಯುತ್ತಿದ್ದೆನಲ್ಲ, ಅದು ಸುಳ್ಳು. ಒಂದು ಸಲವೂ ಕೇಳಿರಲಿಲ್ಲ, ನಾನೇ ಸೇರಿಸುತ್ತಿದ್ದೆ. ಈಗ ನನ್ನ ಹೆಗಲ ಹಿಂದೆ ಬಂದು ನಿಂತಿದ್ದಾರೆ. ಸಮುದ್ರದ ಥಂಡಿಗೆ ಆ ಭುಜ ನೋಯುತ್ತದೆಯೇ ಎಂದು ಕೇಳುತ್ತಿದ್ದಾರೆ. ಉತ್ತರವನ್ನು ಅವರ ಹೆಸರಿಗೇ ಬರಿ.