ಕೂಸಿನ ಹೆಸರಿಗೆ ಬೇಕಾದ ಒಂದು ಮತ

ಸಂಕನಹಾಳ, ಮೇಲೋಣಿ
ಫೆಬ್ರವರಿ ಮೂವತ್ತು, 2307

ವಿಧಾನಸಭೆಯ ಮಾನ್ಯ ಸದಸ್ಯರೂ ನಮ್ಮ ಮನೆತನದ ಹಿರಿಯರೂ ಆದ ನೀಲಗಂಗವ್ವ ಬಾರಕೇರ ಅವರಿಗೆ, ನಿಮ್ಮ ಮರಿಮಕ್ಕಳ ಮರಿಮಕ್ಕಳ ಸಾಲಿನಲ್ಲಿ ಎಲ್ಲೋ ಬರುವ ದ್ಯಾಮಕ್ಕ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಹಿಂದಿನವರು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಮಿಕ್ಕ ದಿನಗಳನ್ನು ವರ್ಷದ ಕೊನೆಯ ಹಬ್ಬಕ್ಕೆ ಬಿಟ್ಟರು. ನನ್ನ ಮಾತೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಸದನದಲ್ಲಿ ನೀವು ಮಾಡಿದ ಭಾಷಣಗಳನ್ನು ಕೇಳಿ ಕಲಿತೆ, ಹಾಗಾಗಿ ನಡುವೆ ಎಲ್ಲಾದರೂ ‘ಮಾನ್ಯ ಅಧ್ಯಕ್ಷರೇ’ ಎಂದುಬಿಟ್ಟರೆ ನಗಬೇಡಿ. ಈ ಪತ್ರ ಹಿನ್ನಂಚೆಯಲ್ಲಿ ಬರುತ್ತಿದೆ. ಹಿನ್ನಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಯಾವ ದಿನ ತಲುಪುತ್ತದೆ ಎಂದು ಅಂಚೆಯವರನ್ನು ಕೇಳಿದೆ. ‘ಹಿಂದಕ್ಕಂತೂ ಹೋಗತೈತಿ, ಎಷ್ಟು ಹಿಂದಕ್ಕ ಅಂತ ಕೇಳಬ್ಯಾಡ್ರಿ’ ಎಂದರು. ನಮ್ಮ ಕಾಲದಲ್ಲೂ ಅಂಚೆಯವರು ಅಂಚೆಯವರೇ.

ವಿಷಯ ಇಷ್ಟು. ನನ್ನ ಮಗಳು ಸುಗಂಧಾಳಿಗೆ ಹೆಣ್ಣು ಕೂಸು ಹುಟ್ಟಿದೆ. ಹಲ್ಲು ಬಂದಿದೆ, ಹೊಸ್ತಿಲು ದಾಟುತ್ತಿದೆ, ಹೆಸರು ಮಾತ್ರ ಇಲ್ಲ. ಎಲ್ಲರೂ ಕೂಸು ಎಂದೇ ಕರೆಯುತ್ತೇವೆ. ಬಸುರಿಯಾಗಿದ್ದಾಗ ಸುಗಂಧಾ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ, ಆಗ ಹೊತ್ತು ಹೋಗಲೆಂದು ನಿಮ್ಮ ಹಳೆಯ ಭಾಷಣಗಳನ್ನು ಕೇಳತೊಡಗಿದಳು. ಅದೇ ತಪ್ಪಾಯಿತು. ಈಗ ‘ಇಟ್ಟರ ನೀಲಗಂಗವ್ವ ಅಂತ ಇಡತೀನಿ, ಇಲ್ಲಾಂದ್ರ ಕೂಸಂತನ ಬೆಳೀಲಿ’ ಎಂದು ಕೂತಿದ್ದಾಳೆ. ಯುಗಾದಿಯೊಳಗೆ ನಾವು ಹೆಸರಿಡದಿದ್ದರೆ ಓಣಿಯವರೇ ಒಂದು ಹೆಸರು ಆರಿಸಿ ಕೊಟ್ಟುಬಿಡುತ್ತಾರೆ. ಅದಾದರೆ ನನ್ನ ಮಗಳು ನನ್ನೊಂದಿಗೆ ಮಾತು ಬಿಡುವುದು ಖಂಡಿತ, ಏಕೆಂದರೆ ಹೆಸರು ಕೊಡಿಸುವುದು ಅಜ್ಜಿಯ ಕೆಲಸ.

ಕೊಡಿಸುವುದೇಕೆ ಕಷ್ಟ ಎನ್ನುವಿರಿ. ನಮ್ಮಲ್ಲಿ ಬಾಗಿಲಮತ ಎಂಬ ಪದ್ಧತಿ ಇದೆ. ಊರಿನ ಯಾವುದೇ ತಂಟೆಯ ವಿಷಯ ತೀರ್ಮಾನವಾಗುವ ದಿನ, ಪ್ರತಿಯೊಬ್ಬರೂ ತಮ್ಮ ಮನೆಯ ಮುಂದೆ ಸುಣ್ಣದ ಪುಡಿಯಲ್ಲಿ ತಮ್ಮ ಮತ ಬರೆಯಬೇಕು. ಒಪ್ಪಿಗೆಗೆ ಚುಕ್ಕಿ, ಬೇಡವೆಂದರೆ ಗೆರೆ. ಸಂಜೆಯವರೆಗೂ ಅದನ್ನು ಅಳಿಸುವಂತಿಲ್ಲ. ಹೋಗುವವರು ಬರುವವರು ನೋಡುತ್ತಾರೆ, ಕೆಲವರು ನಿಂತು ಬೈಯುತ್ತಾರೆ. ಹೋದ ತಿಂಗಳು ಗಾಳಿಬಂಡಿಗಳು ಮುಂಜಾನೆಯೇ ಓಣಿಯ ಮೇಲೆ ಹಾರಬಹುದೇ ಎಂಬ ಪ್ರಶ್ನೆ ಬಂತು. ನನ್ನ ಗಂಡ ಚುಕ್ಕಿ ಇಟ್ಟರು, ಪಕ್ಕದಲ್ಲೇ ನಾನು ಗೆರೆ ಎಳೆದೆ. ಆ ದಿನ ಇಬ್ಬರೂ ಬೇರೆ ಬೇರೆ ಚಹಾ ಮಾಡಿಕೊಂಡು ಕುಡಿದೆವು. ಹೀಗೆ ಬದುಕುವ ನಮಗೆ, ತೀರಿಹೋದ ಹಿರಿಯರ ಹೆಸರನ್ನು ಮಗುವಿಗೆ ಇಡಬೇಕಾದರೆ ಓಣಿಸಭೆಯ ಮುಂದೆ ನಿಂತು, ಊರು ಎರಡಾದ ಒಂದು ವಿಷಯದಲ್ಲಾದರೂ ಆ ಹಿರಿಯರು ಯಾವ ಕಡೆ ಇದ್ದರು ಎಂದು ಹೇಳಬೇಕು. ನಿಮ್ಮದು ಸುಲಭ ಎಂದುಕೊಂಡಿದ್ದೆ. ಶಾಸಕಿ, ಮತ ಹಾಕುವುದೇ ಕೆಲಸ, ಎಲ್ಲ ದಾಖಲಾಗಿರುತ್ತದೆ ಎಂದುಕೊಂಡು ಹೊರಟೆ.

ಶಾಲೆ ವಿಲೀನ ಮಸೂದೆಯಿಂದ ಶುರು ಮಾಡಿದೆ. ಸಣ್ಣ ಶಾಲೆ ಮುಚ್ಚಿದರೆ ನಮ್ಮ ಹುಡುಗಿಯರು ಹೊಳೆ ದಾಟಿ ಓದಲು ಹೋಗಬೇಕೆ ಎಂದು ನೀವು ಗುಡುಗಿದ್ದೀರಿ. ಕೇಳಿ ನನಗೆ ಕಣ್ಣೀರು ಬಂತು. ನಿಮ್ಮ ಪಕ್ಷ ಮಸೂದೆಯ ಪರ. ಕೊನೆಗೆ ಮತ ಏನಾಯಿತು ಎಂದು ಹುಡುಕಿದರೆ, ‘ಧ್ವನಿಮತದಿಂದ ಅಂಗೀಕಾರ’ ಎಂದಷ್ಟೇ ಇದೆ. ಧ್ವನಿಮತ ಎಂದರೇನೆಂದು ತಿಳಿಯಲು ನನಗೆ ಎರಡು ವಾರ ಬೇಕಾಯಿತು. ಒಪ್ಪುವವರೆಲ್ಲ ಒಟ್ಟಿಗೆ ಹೌದು ಎಂದು ಕೂಗುವುದು, ಒಪ್ಪದವರೆಲ್ಲ ಇಲ್ಲ ಎಂದು ಕೂಗುವುದು, ಯಾವ ಸದ್ದು ದೊಡ್ಡದೆಂದು ಕುರ್ಚಿಯಲ್ಲಿ ಕೂತವರು ಹೇಳುವುದು. ನಿಜವೇ? ಯಾರು ಯಾವುದನ್ನು ಕೂಗಿದರೆಂದು ಯಾರೂ ಬರೆದಿಡುತ್ತಿರಲಿಲ್ಲವೇ? ಇಷ್ಟು ದೊಡ್ಡ ರಾಜ್ಯವನ್ನು ಗುಂಪಿನಲ್ಲಿ ಗೋವಿಂದ ಎಂದು ನಡೆಸಿದಿರಾ? ಬೈಯುತ್ತಿಲ್ಲ ತಾಯಿ, ನನಗೆ ಅರ್ಥವೇ ಆಗುತ್ತಿಲ್ಲ.

ಮದ್ಯದಂಗಡಿ ಮಸೂದೆಯ ದಿನ ವಿರೋಧ ಪಕ್ಷದವರೊಬ್ಬರು ಎದ್ದು ಮತ ವಿಭಜನೆ ಕೇಳಿದ್ದರು, ಅಂದರೆ ತಲೆ ಎಣಿಸಿ ಹೆಸರು ಬರೆಯುವುದು. ನನಗೆ ಜೀವ ಬಂದಂತಾಯಿತು. ಪರ ಇದ್ದವರ ಸಾಲಿನಲ್ಲಿ ನೀವಿಲ್ಲ. ವಿರುದ್ಧ ಇದ್ದವರ ಸಾಲಿನಲ್ಲೂ ಇಲ್ಲ. ಹಾಜರಿಗೆ ಮಾತ್ರ ನಿಮ್ಮ ಸಹಿ ಇದೆ. ಒಂದು ಪತ್ರಿಕೆ ನಿಮಗೆ ರಕ್ತದೊತ್ತಡ ಏರಿತ್ತೆಂದು ಬರೆದಿದೆ, ಇನ್ನೊಂದರಲ್ಲಿ ನೀವು ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೀರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡಿರೋ, ನಿಜಕ್ಕೂ ತಲೆ ಸುತ್ತಿತ್ತೋ ದೇವರೇ ಬಲ್ಲ.

ಉಳಿದದ್ದು ಕೆರೆ ಜಮೀನು ಮಸೂದೆ. ಒಣಗಿದ ಕೆರೆಗಳನ್ನು ಕಟ್ಟಡಗಳಿಗೆ ಬಿಟ್ಟುಕೊಟ್ಟದ್ದು ಅದೇ. ನಮ್ಮೂರ ಕೆರೆ ಹೋದದ್ದೂ ಅದರಿಂದಲೇ. ಅದರ ವಿರುದ್ಧವೂ ನೀವು ಭಾಷಣ ಮಾಡಿದ್ದೀರಿ, ನಿಮ್ಮ ಪಕ್ಷ ಮಾತ್ರ ಅದರ ಪರ. ಅದೂ ಧ್ವನಿಮತ, ಆದರೆ ಅದರ ಧ್ವನಿಮುದ್ರಣ ಉಳಿದಿದೆ. ಮನೆಮಂದಿಯೆಲ್ಲ ಕೂತು ಆ ಕೂಗನ್ನು ಕೇಳಿದೆವು. ಹೌದು ಎಂಬ ಗದ್ದಲದಲ್ಲಿ ಒಂದು ಹೆಣ್ಣುದನಿ ಇದೆ. ಇಲ್ಲ ಎಂಬ ಗದ್ದಲದಲ್ಲೂ ಒಂದು ಇದೆ. ‘ಇಲ್ಲ ಅಂದಾಕಿನ ನಮ್ಮಾಕಿ’ ಎಂದು ಸುಗಂಧಾ ಹಟ ಹಿಡಿದಳು. ನನ್ನ ಗಂಡ, ‘ಹೌದು ಅನ್ನೂವಾಗ ನಿನ್ನಂಗ ಮೂಗಿನಾಗ ಅಂದಾಳ ನೋಡು’ ಎಂದು ನನ್ನತ್ತ ಕೈ ತೋರಿಸಿದರು. ಮತ್ತೆ ಮತ್ತೆ ಕೇಳಿ ಕೇಳಿ, ಕೊನೆಗೆ ನನ್ನ ದನಿ ಯಾವುದೆಂದೇ ನನಗೆ ಅನುಮಾನ ಬರತೊಡಗಿತು.

ಓಣಿಸಭೆಯ ಯಜಮಾನರಾದ ಫಕೀರಪ್ಪ ಸುಣಗಾರರ ಬಳಿ ಹೋಗಿ, ಇಲ್ಲ ಎಂದೇ ಹೇಳಿದ್ದರೆಂದು ಬರೆದುಕೊಳ್ಳಿ, ಭಾಷಣವೇ ಸಾಕ್ಷಿ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. ‘ಭಾಷಣ ಎಲ್ಲಾರೂ ಮಾಡ್ತಾರ ದ್ಯಾಮಕ್ಕ, ಕೈ ಎಲ್ಲಿತ್ತು ಹೇಳು’ ಎಂದರು. ಹೌದು ಎಂದಿದ್ದರೆ ಆ ಹೆಸರು ಸಿಗುವುದಿಲ್ಲವೇ ಎಂದು ಅಳುತ್ತಾ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಅವರ ಮೊಮ್ಮಗನಿಗೆ ಇಟ್ಟಿರುವುದು ಮುತ್ತಜ್ಜನ ಹೆಸರು, ಆ ಮುತ್ತಜ್ಜ ಹೊಳೆಯ ದಾರಿ ಮುಚ್ಚಲು ಚುಕ್ಕಿ ಇಟ್ಟವನು. ‘ತಪ್ಪು ಮಾಡ್ಯಾನ, ಆದರ ಬಾಗಲ ಮುಂದ ಮಾಡ್ಯಾನ’ ಎಂದು ಇವರು ಸಭೆಯಲ್ಲಿ ಹೇಳಿದರಂತೆ, ಸಭೆ ನಕ್ಕು ಬೆಲ್ಲ ಹಂಚಿತಂತೆ. ನಮ್ಮಲ್ಲಿ ತಪ್ಪು ಮತದವರ ಹೆಸರಿನ ಮಕ್ಕಳು ಓಣಿ ತುಂಬ ಆಡುತ್ತಿದ್ದಾರೆ. ಇದು ನನಗೇ ಗೊತ್ತಿರಲಿಲ್ಲ. ಇಷ್ಟು ದಿನ ನಾನು ನಿಮ್ಮನ್ನು ಒಳ್ಳೆಯವರೆಂದು ಸಾಬೀತು ಮಾಡಲು ಒದ್ದಾಡಿದ್ದೆ, ಅದನ್ನು ಯಾರೂ ಕೇಳಿಯೇ ಇರಲಿಲ್ಲ.

ಆದ್ದರಿಂದ ಈ ಪತ್ರ. ಕೆರೆ ಮಸೂದೆಗೆ ಮುಂಚೆ ಇದು ನಿಮ್ಮ ಕೈ ಸೇರಿದರೆ, ಒಂದು ಉಪಕಾರ ಮಾಡಿ. ಆ ದಿನ ಕೂಗು ಮುಗಿದು, ಅಧ್ಯಕ್ಷರು ‘ಅಂಗೀಕಾರ’ ಎನ್ನುವ ಮೊದಲು ಎದ್ದು ನಿಲ್ಲಿ. ವಿಭಜನೆ ಬೇಕೆಂದು ಕೇಳಿ. ನಿಮ್ಮ ಪಕ್ಷದವರು ಸಿಟ್ಟಾಗುತ್ತಾರೆ, ಟಿಕೆಟ್ ತಪ್ಪಬಹುದು, ನನಗೆ ಗೊತ್ತು. ಎದ್ದು ನಿಂತ ಮೇಲೆ ಹೌದು ಎನ್ನಿ, ಇಲ್ಲ ಎನ್ನಿ, ನಿಮ್ಮಿಷ್ಟ. ಕೆರೆ ಕೊಟ್ಟುಬಿಟ್ಟವರೆಂದು ಸಭೆಯಲ್ಲಿ ಹೇಳಬೇಕಾಗಿ ಬಂದರೂ ನಾನು ಗಟ್ಟಿಯಾಗಿಯೇ ಹೇಳುತ್ತೇನೆ, ಆಮೇಲೆ ನಿಮ್ಮ ಹೆಸರನ್ನು ಕೂಸಿನ ಕಿವಿಯಲ್ಲಿ ಕೂಗುತ್ತೇನೆ. ತಪ್ಪು ಮಾಡಿದವರ ಹೆಸರು ಹೊತ್ತು ನಮ್ಮ ಮಗು ನಡೆದೀತು. ಅಲ್ಲಿದ್ದೂ ಇಲ್ಲದವರ ಹೆಸರನ್ನು ಯಾವ ಮಗುವಿಗೆ ಇಡಲಿ, ತಾಯಿ?

ಇಂತಿ ನಿಮ್ಮ,
ದ್ಯಾಮಕ್ಕ