ಮೂರು ಚುಕ್ಕೆಯ ಕಾರ್ಬೊರೇಟರ್

ಭಾವನವರಿಗೆ ಮಾದೇವನ ಶರಣು.

ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಎಂದು ಶುರು ಮಾಡುವುದು ವಾಡಿಕೆ. ನೀವು ಹೋಗಿ ಮೂರು ವರ್ಷವಾದ ಮೇಲೆ ಹಾಗೆ ಬರೆದರೆ ಅಕ್ಕ ನನಗೆ ತಲೆ ಕೆಟ್ಟಿದೆ ಅಂದುಕೊಂಡಾಳು. ಆದರೂ ಬರೆಯುತ್ತಿದ್ದೇನೆ. ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ನೀವಿದ್ದಾಗ ಏಳು ವರ್ಷ ಅದು ನನ್ನ ಗಂಟಲಲ್ಲೇ ಇತ್ತು, ಬಾಯಿಗೆ ಬರಲಿಲ್ಲ.

ಇಲವಾಲದ ಆ ಕೋಳಿ ಶೆಡ್ಡು ನೆನಪಿದೆಯೇ? ತೊಂಬತ್ತೆರಡರ ಬೇಸಿಗೆ. ಇಟಲಿಯಿಂದ ಬಂದಿದ್ದ ಪಾದ್ರಿಯೊಬ್ಬರು ಊರಿಗೆ ವಾಪಸು ಹೋಗುವಾಗ ಬಿಟ್ಟುಹೋದ ಮೋಟಾರ್ ಸೈಕಲ್ ಅಲ್ಲಿದೆ ಎಂದು ಯಾರೋ ನಿಮಗೆ ಹೇಳಿದ್ದರು. ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ನಾನು ಬಾಗಿಲಲ್ಲೇ ನಿಂತು, ದಾಖಲೆ ಸರಿಯಿದೆಯೋ ಇಲ್ಲವೋ, ಒಳಗೆ ಎಂಜಿನ್ ಇದೆಯೋ ಬರೀ ಚಿಪ್ಪೋ ಎಂದು ಯೋಚಿಸುತ್ತಿದ್ದೆ. ನೀವು ಕೋಳಿಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಹೆಗಲ ಮೇಲಿನ ಟವೆಲಿನಿಂದ ಟ್ಯಾಂಕ್ ಒರೆಸಿದಿರಿ. ಹಿಕ್ಕೆಯ ಕೆಳಗಿನಿಂದ ಕೆಂಪು ಬಣ್ಣ ಎದ್ದು ಬಂತು. "ಮಾದೇವ, ಬಂದು ನೋಡೋ ಇಲ್ಲಿ. ನಮ್ ಗಾಡಿಗಳ ಎಂಜಿನ್ ನೆಟ್ಟಗೆ ನಿಂತಿರುತ್ತೆ, ಇದು ಆರಾಮಾಗಿ ಮಲ್ಕೊಂಡಿದೆ ಕಣೋ!" ಎಂದಿರಿ. ಅವತ್ತೇ ಅದಕ್ಕೆ 'ಇಟಲಿ' ಎಂದು ಹೆಸರಾಯಿತು. ದುಡ್ಡು ಕೊಟ್ಟು ಕೊಂಡ ನಾನು ಹೆಸರಿಗೆ ಮಾಲೀಕ. ಅದರ ನಾಡಿ ಹಿಡಿದವರು ನೀವು.

ಕೆಸರೆಯ ನಿಮ್ಮ ಲೇತ್ ಅಂಗಡಿಯಲ್ಲಿ ಒಂದು ವರ್ಷ ಅದು ಬಿಚ್ಚಿಕೊಂಡು ಬಿದ್ದಿತ್ತು. ಮೈಸೂರಿನಲ್ಲಿ ಅದರ ಒಂದು ನಟ್ಟೂ ಸಿಗುತ್ತಿರಲಿಲ್ಲ. ಕ್ಲಚ್ ಪ್ಲೇಟಿಗೆ ನೀವು ಬಾಟಲಿಯ ಬೂಚು ಕತ್ತರಿಸಿ ಕೂರಿಸಿದಿರಿ. ಸೈಕಲ್ ಬ್ರೇಕಿನ ತಂತಿಯಲ್ಲಿ ಕೇಬಲ್ ಕಟ್ಟಿದಿರಿ. ಸವೆದ ಬುಷ್ಷುಗಳನ್ನೆಲ್ಲ ಕಂಚಿನಲ್ಲಿ ಕಡೆದಿರಿ. ಕೊನೆಗೆ ಒಂದು ಬೆಳಿಗ್ಗೆ ಅದು ಉಸಿರು ಬಿಟ್ಟಾಗ, ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಒಂದು ಮಾತಾಡಿ ಮುಗಿಸುವಷ್ಟು ಬಿಡುವಿತ್ತು. ಅಂಥ ನಿಧಾನದ ಸದ್ದನ್ನು ನಾನು ಯಾವ ಗಾಡಿಯಲ್ಲೂ ಕೇಳಿರಲಿಲ್ಲ. ಹುಣಸೂರು ರಸ್ತೆಯಲ್ಲಿ ಮೊದಲ ಸವಾರಿ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಸ್ಕೂಟರಿನ ಅಭ್ಯಾಸದ ನಾನು ಎದುರಿಗೆ ಎಮ್ಮೆ ಬಂದಾಗ ಬಲಗಾಲು ಒತ್ತಿದೆ. "ಎಡಗಾಲು ಕಣೋ, ಎಡಗಾಲು! ನಿಮ್ಮಕ್ಕನ್ನ ಮುಂಡೆ ಮಾಡ್ಬುಡ್ತೀಯ!" ಎಂದು ಹಿಂದಿನಿಂದ ಕೂಗಿದಿರಿ. ಆಮೇಲೆ ಇಬ್ಬರೂ ರಸ್ತೆ ಬದಿಯಲ್ಲಿ ನಿಂತು ಎಷ್ಟು ನಕ್ಕೆವು...

ನನ್ನ ಬುದ್ಧಿ ನಿಮಗೆ ಗೊತ್ತೇ ಇತ್ತು. ಹೂಟಗಳ್ಳಿಯ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಒಳಗೆ ಬಂದ ಸಾಮಾನು ಹೊರಗೆ ಹೋಗುವಾಗಲೂ ಅದೇ ಆಗಿರುತ್ತದೆ ಎಂದು ನಂಬಿದವನು ಆ ಕೆಲಸದಲ್ಲಿ ಉಳಿಯುವುದಿಲ್ಲ. ಪ್ರತಿ ಪಾನಾ, ಪ್ರತಿ ಸುತ್ತಿಗೆಯ ಮೇಲೂ ಪಂಚ್ ಎಂಬ ಮೊನೆಯುಳಿ ಇಟ್ಟು ಹೊಡೆದು ಮೂರು ಚುಕ್ಕೆ ಮೂಡಿಸುತ್ತಿದ್ದೆ. ಚಾಳಿ ಮನೆಗೂ ಬಂತು. ಕುಕ್ಕರಿಗೆ ಮೂರು ಚುಕ್ಕೆ, ಸೈಕಲ್ ಪಂಪಿಗೆ ಮೂರು ಚುಕ್ಕೆ, ಮದುವೆಮನೆಗೆ ಹಾಕಿಕೊಂಡು ಹೋಗುವ ಚಪ್ಪಲಿಗೂ ಬಾಲ್‌ಪೆನ್ನಿನಲ್ಲಿ ಮೂರು ಚುಕ್ಕೆ. "ನಮ್ ಮಾದೇವನ ಹೆಂಡ್ತಿ ಬೆನ್ನು ನೋಡ್ರೇ, ಅಲ್ಲೂ ಮೂರು ಚುಕ್ಕೆ ಇರುತ್ತೆ," ಎಂದು ಅಕ್ಕ ಹಬ್ಬದ ದಿನ ಎಲ್ಲರೆದುರು ಹೇಳಿದಾಗ ಜೋರಾಗಿ ನಕ್ಕವರು ನೀವೇ.

ತೊಂಬತ್ತಾರರಲ್ಲಿ ಇಟಲಿಯ ಎಂಜಿನ್ ಇನ್ನೊಮ್ಮೆ ಬಿಚ್ಚಬೇಕಾಗಿ ಬಂತು. ನಿಮ್ಮಲ್ಲಿಗೆ ಬಿಡುವ ಮುಂಚಿನ ಸಂಜೆ ಪಂಚ್ ಹಿಡಿದು ಕೂತೆ. ಭಾವನ ಮೇಲೆ ಅನುಮಾನವೇ ಎಂದು ಹೆಂಡತಿ ಕೇಳಿದಳು. ಅನುಮಾನ ಅಲ್ಲ, ಪದ್ಧತಿ ಎಂದೆ. ಸುಳ್ಳು. ಅಂಗಡಿಗೆ ನೂರು ಜನ ಬರುತ್ತಾರೆ, ಯಾರನ್ನು ನಂಬುವುದು? ಅದೂ ಅಲ್ಲದೆ, ಬೆಂಗಳೂರಿನವನೊಬ್ಬ ಬಿಳಿ ಕಾರಿನಲ್ಲಿ ಬಂದು ಇಟಲಿಯ ಸುತ್ತ ಎರಡು ಸಲ ಪ್ರದಕ್ಷಿಣೆ ಹಾಕಿ ಹೋಗಿದ್ದ. ಅವನ ಹತ್ತಿರವೂ ಇಂಥದೇ ಒಂದು ಗಾಡಿಯಿತ್ತಂತೆ. ದೀಪದ ಬಳೆ, ಮೀಟರು, ಮ್ಯಾಗ್ನೆಟೋ, ಎಲ್ಲಕ್ಕೂ ಗುರುತು ಹಾಕಿ ಕೊನೆಗೆ ಕಾರ್ಬೊರೇಟರಿಗೆ ಬಂದೆ. ಅದರ ಮೈಮೇಲೆ ಬೊಲೋಗ್ನಾ ಎಂದು ಅದು ತಯಾರಾದ ಊರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಉಬ್ಬಿತ್ತು. ಅದರ ಕೆಳಗೆ ಒಂದು, ಎರಡು, ಮೂರು. ಮೂರನೆಯ ಏಟಿನ ಸದ್ದು ಮಾತ್ರ ಯಾಕೋ ಬೇರೆಯಾಗಿತ್ತು. ಆಗ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳಾದರೂ ನೀವು ಗಾಡಿ ಕೊಡಲಿಲ್ಲ. "ಆಗ್ತಾ ಇದೆ ಕಣೋ, ಸ್ವಲ್ಪ ತಡಿ," ಎನ್ನುತ್ತಿದ್ದಿರಿ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಅಂಗಡಿಗೆ ಬಂದರೆ ಹೊರಗೆ ಬಿಳಿ ಕಾರು ನಿಂತಿತ್ತು. ಒಳಗೆ ನೀವೂ ಆ ಬೆಂಗಳೂರಿನವನೂ ತಲೆಗೆ ತಲೆ ಹಚ್ಚಿ ಮೇಜಿನ ಮೇಲೆ ಏನನ್ನೋ ನೋಡುತ್ತಿದ್ದಿರಿ. ನನ್ನನ್ನು ಕಂಡದ್ದೇ ಅದರ ಮೇಲೆ ಟವೆಲ್ ಮುಚ್ಚಿದಿರಿ. ನಾನು ಕಂಡೂ ಕಾಣದವನಂತೆ ಕಾಫಿ ಕುಡಿದು ಬಂದೆ. ಇಟಲಿ ಮನೆಗೆ ಬಂದ ದಿನ ಟಾರ್ಚ್ ಹಿಡಿದು ಒಂದೊಂದೇ ಗುರುತು ಹುಡುಕಿದೆ. ದೀಪದ ಬಳೆ ಸರಿ, ಮೀಟರು ಸರಿ, ಮ್ಯಾಗ್ನೆಟೋ ಸರಿ. ಕಾರ್ಬೊರೇಟರಿನಲ್ಲಿ ಚುಕ್ಕೆಯೇ ಇಲ್ಲ! ಬೊಲೋಗ್ನಾ ಎಂದಿರಬೇಕಾದ ಕಡೆ ಜಿ, ಎನ್ ಅಕ್ಷರ ಹಿಂದುಮುಂದಾಗಿ ಬೊಲೋಂಗಾ ಎಂದಿತ್ತು. ಅಸಲಿಯನ್ನು ಅವನಿಗೆ ಕೊಟ್ಟು ನನಗೆ ನಕಲಿ ಕಟ್ಟಿದ್ದೀರಿ. ನನ್ನ ಅಕ್ಕನ ಗಂಡ!

ಆಗಲೇ ನೇರವಾಗಿ ಕೇಳಿದ್ದರೆ? ಕೇಳಲಿಲ್ಲ. ಕೇಳಿ, ನೀವು ಹೌದು ಅಂದರೆ ಅಕ್ಕನ ಮನೆಯ ಹೊಸಿಲು ನನಗೆ ತಪ್ಪುತ್ತಿತ್ತು. ಇಲ್ಲ ಅಂದರೆ ಅದನ್ನು ನಾನು ನಂಬುತ್ತಿರಲಿಲ್ಲ. ಅವತ್ತಿನಿಂದ ಇಟಲಿಯನ್ನು ನಿಮ್ಮ ಕೈಗೆ ಕೊಡಲಿಲ್ಲ. ಎಣ್ಣೆ ಬದಲಿಸುವುದು, ಪಾಯಿಂಟ್ ಉಜ್ಜುವುದು, ಚೈನಿಗೆ ಗ್ರೀಸು, ಎಲ್ಲವನ್ನೂ ತಪ್ಪೋ ಒಪ್ಪೋ ನಾನೇ ಮಾಡಿಕೊಂಡೆ. ನಕಲಿ ಮಾಲು ಆರು ತಿಂಗಳಲ್ಲಿ ಕೈಕೊಡುತ್ತದೆ, ಆಗ ತಂದು ನಿಮ್ಮ ಮುಂದಿಡುತ್ತೇನೆ ಎಂದು ಕಾದೆ. ಅದು ಕೈಕೊಡಲೇ ಇಲ್ಲ. ಮೊದಲು ಚಳಿಯಲ್ಲಿ ಹತ್ತು ಸಲ ಒದೆಸಿಕೊಳ್ಳುತ್ತಿದ್ದ ಗಾಡಿ ಈಗ ಎರಡನೇ ಒದೆತಕ್ಕೆ ಶುರುವಾಗುತ್ತಿತ್ತು. ಅದಕ್ಕೂ ನನಗೆ ಅನುಮಾನವೇ.

ಪ್ರತಿ ಯುಗಾದಿಗೂ ನೀವು ಎಲೆಯ ಮುಂದೆ ಕೂತು ಕೇಳುತ್ತಿದ್ದಿರಿ. "ಇಟಲಿ ಹೆಂಗಿದೆಯೋ ಮಾದೇವ? ಏನಾದ್ರೂ ಕೇಳೋದಿದ್ರೆ ಕೇಳ್ಬುಡು." ನಾನು ಹೋಳಿಗೆ ಮುರಿಯುತ್ತಾ, "ಓಡ್ತಾ ಇದೆ," ಎನ್ನುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಕಳ್ಳ ಅನ್ನುವ ಮೊದಲೇ ಮುಟ್ಟಿಕೊಳ್ಳುತ್ತಿದ್ದಾರಲ್ಲ! ಏಳು ಯುಗಾದಿ ಹೀಗೇ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಲೇತ್ ಮುಂದೆಯೇ ಎದೆ ಹಿಡಿದುಕೊಂಡು ಕೂತವರು ನೀವು ಮತ್ತೆ ಏಳಲಿಲ್ಲ. ನಿಮ್ಮ ಸಮಾಧಿಯ ಗುಂಡಿಯೊಳಗೆ ಒಂದು ಹಿಡಿ ಮಣ್ಣು ಹಾಕುವಾಗ ನನಗೆ ಅಳು ಬಂತು. ಅದೇ ಹೊತ್ತಿನಲ್ಲಿ, ಇನ್ನು ಆ ಕಾರ್ಬೊರೇಟರಿನ ವಿಷಯ ಯಾವತ್ತೂ ತಿಳಿಯುವುದಿಲ್ಲವಲ್ಲ ಎಂಬ ಯೋಚನೆಯೂ ಬಂತು. ಥೂ ನನ್ನ ಜನ್ಮಕ್ಕೆ.

ಹೋದ ತಿಂಗಳು ಅಂಗಡಿ ಖಾಲಿ ಮಾಡಬೇಕು ಬಾ ಎಂದು ಅಕ್ಕ ಕರೆದಳು. ಲೇತ್ ಹಿಂದಿನ ಗೂಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇತ್ತು. ತೆಗೆದರೆ ನಿಮ್ಮ ಹಳೆಯ ಟವೆಲಿನ ತುಂಡಿನಲ್ಲಿ ಸುತ್ತಿಟ್ಟ ಕಾರ್ಬೊರೇಟರ್. ನನ್ನ ಮೂರು ಚುಕ್ಕೆ ಅದರ ಮೇಲಿತ್ತು. ಮೂರನೆಯ ಚುಕ್ಕೆಯಿಂದ ಕೂದಲೆಳೆಯಂಥ ಬಿರುಕು ಹೊರಟು ಬಾಯಿಯವರೆಗೂ ಹರಿದಿತ್ತು. ಹಳೆಯ ಸತುವಿನ ಎರಕ, ವಯಸ್ಸಾಗಿ ಹಪ್ಪಳವಾಗಿರುತ್ತದೆ. ಅದರ ಮೇಲೆ ಪಂಚ್ ಇಟ್ಟು ಹೊಡೆದವನು ನಾನು. ಅದರ ಜೊತೆಗೆ ಮರದಲ್ಲಿ ಕೆತ್ತಿದ ಒಂದು ಅಚ್ಚು, ಅದರ ಮೇಲೆ ಬೊಲೋಂಗಾ. ಅಲ್ಯೂಮಿನಿಯಮ್ಮಿನ ಎರಡು ಕೆಟ್ಟ ಎರಕ. ಡಬ್ಬ ಎತ್ತಿ ಅಕ್ಕನಿಗೆ ತೋರಿಸಿದೆ.

"ಅದಾ? ಒಡೆದೋಗಿತ್ತು ಕಣೋ," ಎಂದಳು ಅಕ್ಕ. "ಬೆಂಗ್ಳೂರಿನವ್ರನ್ನ ಕರೆಸಿ, ಅವರ ಗಾಡೀದು ಬಿಚ್ಚಿಸಿ, ಒಳಗಡೆ ತೂತೆಲ್ಲ ಅಳತೆ ತಗೊಂಡು ತಾವೇ ಎರಕ ಹುಯ್ಸಿದ್ರು. ಎರಡು ಕೆಟ್ಟೋಯ್ತು, ಮೂರನೇದು ಸರಿಯಾಯ್ತು."

"ನಂಗ್ಯಾಕಕ್ಕ ಹೇಳ್ಲಿಲ್ಲ?"

"ನಾನೂ ಅದೇ ಕೇಳ್ದೆ. ಅವನೇ ಹೊಡೆದು ಒಡೆದಿರೋದು, ನಾನಾಗಿ ಹೇಳಿದ್ರೆ ಹುಡುಗ ನಾಚ್ಕೊಂಡ್‌ಬುಡ್ತಾನೆ, ಅವನೇ ಕೇಳ್ಲಿ ಅಂದ್ರು. ಹೋಗ್ಲಿ, ಹೊಸದಕ್ಕೂ ಮೂರು ಚುಕ್ಕೆ ಹಾಕ್ಬುಡಿ, ಗೊತ್ತಾಗಲ್ಲ ಅಂದೆ. ಅದು ಅವನ ರುಜು ಕಣೇ, ನಾನು ಹಾಕಿದ್ರೆ ಮೋಸ ಆಗುತ್ತೆ ಅಂದ್ರು."

ನಿಮ್ಮನ್ನು ಕಳ್ಳ ಅಂದುಕೊಂಡು ನಾನು ಬದುಕಿದ ಏಳು ವರ್ಷವೂ ನೀವು ನನ್ನ ಮಾನ ಕಾಯುತ್ತಿದ್ದಿರಿ. ನಿಮಗೆ ನನ್ನ ಅನುಮಾನ ಗೊತ್ತಿತ್ತೇ? ಗೊತ್ತಿದ್ದೇ ಇರಬೇಕು. ಗೊತ್ತಿದ್ದೂ ಪ್ರತಿ ಯುಗಾದಿಗೆ ನನ್ನ ಎಲೆಗೆ ನೀವೇ ತುಪ್ಪ ಬಡಿಸಿದಿರಿ. ಇದನ್ನು ಯೋಚಿಸಿದಾಗಲೆಲ್ಲ ನನ್ನ ಹೆಗಲು ನಾನೇ ಮುಟ್ಟಿಕೊಳ್ಳುವಂತಾಗುತ್ತದೆ. ಆದರೂ ಭಾವ, ಒಂದು ಸಣ್ಣ ಅನುಮಾನ ಉಳಿದಿದೆ, ಹುಟ್ಟುಗುಣ ಬಿಡುವುದಿಲ್ಲ. ಬೊಲೋಂಗಾ ಎಂಬುದು ಕೈತಪ್ಪೋ, ಅಥವಾ ಇದನ್ನು ನೋಡಿಯಾದರೂ ಇವನು ಕೇಳಲಿ ಎಂದು ಬೇಕೆಂದೇ ಬಿಟ್ಟದ್ದೋ?

ನಿಮ್ಮ ಲೇತ್ ಈಗ ನಮ್ಮ ಮನೆಯ ಹಿಂಭಾಗದಲ್ಲಿದೆ. ಹೆಂಡತಿ ಅದರ ಸುತ್ತ ಬಗ್ಗಿ ಬಗ್ಗಿ ನೋಡಿ, "ಚುಕ್ಕೆ ಎಲ್ರೀ?" ಎಂದು ಕೇಳಿದಳು. ಹಾಕಿಲ್ಲ, ಹಾಕುವುದೂ ಇಲ್ಲ. ಹೋದ ಭಾನುವಾರ ಬೇಡ ಬೇಡ ಎನ್ನುತ್ತಿದ್ದ ಅಕ್ಕನನ್ನು ಇಟಲಿಯ ಹಿಂದೆ ಕೂರಿಸಿಕೊಂಡು ಇಲವಾಲದವರೆಗೆ ಹೋಗಿ ಬಂದೆ. ಕೋಳಿ ಶೆಡ್ಡು ಇದ್ದ ಜಾಗದಲ್ಲಿ ಈಗ ಸೈಟುಗಳಾಗಿವೆ. ನಿಮ್ಮ ಕಾರ್ಬೊರೇಟರ್ ದಾರಿಯಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ಅಕ್ಕ ನನ್ನ ಹೆಗಲು ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ ಕಣೋ, ಬ್ರೇಕು ಎಡಗಾಲು," ಎಂದಳು. ಅದನ್ನೂ ನೀವು ಅವಳಿಗೆ ಹೇಳಿಕೊಟ್ಟಿದ್ದೀರಿ.

ಹತ್ತು ವರ್ಷ ತಡವಾಯಿತು. ನೀವು ಕಾಯುತ್ತಿದ್ದ ಮಾತನ್ನು ಈಗ ಕೇಳುತ್ತಿದ್ದೇನೆ, ನಗಬೇಡಿ.

ಭಾವ, ನನ್ನ ಕಾರ್ಬೊರೇಟರ್ ಏನಾಯ್ತು?

ನಿಮ್ಮ ಭಾಮೈದ,
ಮಾದೇವ